ಎಂಟು ಚೀಲ ಗೊಬ್ಬರ

ಖಾನಾಪುರ
9 ಜೂನ್ 2024

ಅಪ್ಪಾ,

ನಮಸ್ಕಾರ. ನಿನ್ನೆ ಅಕ್ಕಾತಾಯಿ ಸೋದರತ್ತೆ ಫೋನ್ ಮಾಡಿದ್ದರು. "ನಿಮ್ಮಪ್ಪ ಮುನಿ ಮಹಾರಾಜರ ಮುಂದ ಕುಂತು ನೇಮಾ ತಗೊಂಡಾನ. ನೀ ರೇಷ್ಮಿ ಹುಳಾ ಸಾಕೂದು ಬಿಡೂತನಕ ನಿನ್ನ ಕೂಡ ಮಾತಾಡಂಗಿಲ್ಲಂತ" ಎಂದರು. ನಾನು ಕೇಳಿದ್ದು ಒಂದೇ ಮಾತು: "ಬರಿಯಂಗಿಲ್ಲ ಅಂತ ಏನರ ಅಂದಾನೇನು?" ಅತ್ತೆಗೆ ಸಿಟ್ಟು ಬಂದು ಫೋನ್ ಇಟ್ಟುಬಿಟ್ಟರು. ಬಾಯಿಯ ನೇಮಕ್ಕೆ ಕೈ ಸೇರುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಲಿಂಗಾಯತರ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ನೀವು ಒಂದು ವಾರ ಮುಖ ಊದಿಸಿಕೊಂಡಿರಿ, ಆಮೇಲೆ ನೀವೇ ಪಂಗತಿಯಲ್ಲಿ ನಿಂತು ಬಡಿಸಿದಿರಿ. ಗೌರೀಶನನ್ನು ಒಪ್ಪಿದವರು ಗೌರೀಶನ ಹುಳುಗಳನ್ನು ಒಪ್ಪಲಿಲ್ಲ. ಗೂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ, ಒಳಗೆ ಜೀವ ಇರುತ್ತದೆ. ನನಗೆ ಗೊತ್ತಿಲ್ಲವೇ ಅಪ್ಪಾ? ಜೈನರ ಮನೆಯಲ್ಲಿ ಸೋಸದ ನೀರು ಕುಡಿಯದೆ ಬೆಳೆದವಳು ನಾನೂ. ಮಾರುಕಟ್ಟೆಯಲ್ಲಿ ಗೂಡು ಕೊಟ್ಟು ಹಿಂದೆ ತಿರುಗಿ ನೋಡದೆ ಬರುತ್ತೇನೆ. ಆದರೆ ಗೌರೀಶ ತೀರಿಕೊಂಡು ಈ ಶ್ರಾವಣಕ್ಕೆ ಎರಡು ವರ್ಷ. ಅವನು ಕೈಯಾರೆ ಕಟ್ಟಿದ ಹುಳು ಮನೆ, ನೆಟ್ಟ ಇಪ್ಪತ್ತು ಗುಂಟೆ ಹಿಪ್ಪುನೇರಳೆ, ನನಗೆ ಉಳಿದದ್ದು ಇಷ್ಟೇ. ಇದನ್ನೂ ಬಿಟ್ಟರೆ ನಾನು ಗಂಡನ ಮನೆಯ ಮೂಲೆಯಲ್ಲಿ ಕೂತ ಒಬ್ಬ ವಿಧವೆ, ಅಷ್ಟೇ.

ಈ ಸಲ ಎಲೆ ಹಳದಿಯಾಗಿದೆ. ರೇಷ್ಮೆ ಇಲಾಖೆಯ ರೂಪಾಲಿ ಬಂದು ನೋಡಿ, "ಮಣ್ಣಾಗ ಝಿಂಕ್ ಕಡಿಮಿ ಐತ್ರೀ ಅಕ್ಕಾ" ಎಂದಳು. ನಲವತ್ತು ವರ್ಷದಿಂದ ಬೋಲ್ಟು ನಟ್ಟುಗಳನ್ನು ಝಿಂಕಿನಲ್ಲಿ ಅದ್ದಿ ತೆಗೆಯುವವರ ಮಗಳ ಹೊಲದಲ್ಲಿ ಝಿಂಕಿಗೇ ಬರ! ನಗು ಬಂತು. ನಿಮಗೆ ಹೇಳೋಣ ಎನಿಸಿತು.

ನಿಮ್ಮ ಮಗಳು,
ಸುಹಾಸಿನಿ

---

ಮಚ್ಛೆ, ಬೆಳಗಾವಿ
21 ಜೂನ್ 2024

ಚಿ. ಸುಹಾಸಿನಿಗೆ ಆಶೀರ್ವಾದ.

ನಿನ್ನ ವಕೀಲಿ ಓದಿದೆ. ನನಗೆ ಅನುಮಾನವಿತ್ತು, ಮಹಾರಾಜರನ್ನೇ ಕೇಳಿ ಬಂದೆ. ಅವರು ನಕ್ಕರು. "ಬರೀ, ಧನಪಾಲ" ಎಂದರು. ಹಾಗಾಗಿ ಬರೆಯುತ್ತೇನೆ. ಆದರೆ ಬರೆಯುತ್ತಾನೆ ಎಂದರೆ ಸೋತ ಎಂದು ತಿಳಿಯಬೇಡ.

ನಾನು ಪ್ಲೇಟಿಂಗ್ ಶಾಪಿನ ಆಮ್ಲದ ತೊಟ್ಟಿಗಳ ಮೇಲೆ ಜಾಳಿಗೆ ಹೊಚ್ಚಿ ಮನೆಗೆ ಹೋಗುವವನು. ಪತಂಗ ಬಿದ್ದು ಸಾಯಬಾರದೆಂದು. ಕೆಲಸಗಾರರು ಬೆನ್ನ ಹಿಂದೆ ನಗುತ್ತಾರೆ, ನಗಲಿ. ಅಂಥವನ ಮಗಳು ವರ್ಷಕ್ಕೆ ಲಕ್ಷ ಲಕ್ಷ ಜೀವ ಸಾಕಿ ಸಾಯಲು ಕಳಿಸುತ್ತಾಳೆ. ಬಸದಿಯಲ್ಲಿ ಯಾರಾದರೂ "ಮಗಳು ಹ್ಯಾಂಗದಾಳ್ರೀ?" ಎಂದರೆ ಬೇರೆ ಮಾತು ತೆಗೆಯುತ್ತೇನೆ. ಮನೆಗೆ ಹೋಗುವವನು ಎಂದೆ, ಮನೆ ಎಲ್ಲಿದೆ? ನಿನ್ನ ಅವ್ವ ಹೋದ ಮೇಲೆ ಶಹಾಪುರದ ಮನೆ ಬಾಡಿಗೆಗೆ ಕೊಟ್ಟು ಶಾಪಿನ ಮೇಲಿನ ಖೋಲಿಯಲ್ಲೇ ಇದ್ದೇನೆ. ಐದಕ್ಕೆ ಕೆಲಸಗಾರರು ಹೋಗುತ್ತಾರೆ. ಸೂರ್ಯ ಮುಳುಗುವುದರೊಳಗೆ ಎರಡು ಭಕ್ರಿ ತಿಂದು ಮುಗಿಸುತ್ತೇನೆ. ಅಲ್ಲಿಂದ ಬೆಳಗಿನವರೆಗೆ ನನ್ನ ಬಾಯಿಗೆ ಕೆಲಸವೇ ಇಲ್ಲ. ನೇಮ ಪಾಲಿಸುವುದು ಕಷ್ಟವೇನಲ್ಲ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟು ಸಾಲು ಇವೆ? ಗೊಬ್ಬರ ಬುಡಕ್ಕೆ ಹಾಕುತ್ತೀರೋ, ಸಾಲಿನ ನಡುವೆಯೋ? ಸುಮ್ಮನೆ ಕೇಳಿದೆ.

ನಿನ್ನ ಅಪ್ಪ,
ಧನಪಾಲ

---

ಖಾನಾಪುರ
25 ಆಗಸ್ಟ್ 2024

ಅಪ್ಪಾ,

ಬುಡಕ್ಕೆ ಹಾಕುತ್ತೇವೆ. ಸಾಲು ಐವತ್ತೆರಡು. ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಜುಲೈ ಮೊದಲ ವಾರ ನಾನು ತರಬೇತಿಗೆ ಹೋಗಿದ್ದಾಗ ಅತ್ತೆಯ ತವರಿನಿಂದ ಎಂಟು ಚೀಲ ಗೊಬ್ಬರ ಬಂದಿತ್ತು. ನಾನು ಬರುವುದರೊಳಗೆ ನಮ್ಮ ಚಂದ್ರವ್ವ ಅತ್ತೆ ಸೆರಗು ಕಟ್ಟಿ ಐವತ್ತೆರಡು ಸಾಲಿಗೂ ಸಗಣಿ ಕೂಡಿಸಿ ಹಾಕಿ ಮುಗಿಸಿದ್ದರು. ಮಗ ಹೋದ ಮೇಲೆ ಅವರು ತೋಟಕ್ಕೆ ಕಾಲಿಟ್ಟದ್ದೇ ಮೊದಲು. ನಾನು ಏನೂ ಕೇಳಲಿಲ್ಲ. ಎಲೆ ಹಸಿರಾಯಿತು.

ಆದರೆ ಈ ಬೆಳೆ ಮನಸ್ಸಿಗೆ ಬರಲಿಲ್ಲ. ಹುಳುಗಳು ತಿನ್ನಲು ಬೇಸರ ಮಾಡಿದವು. ಗೂಡು ಕಟ್ಟಲು ನಾಲ್ಕು ದಿನ ತಡವಾಯಿತು. ಗೂಡು ಒತ್ತಿದರೆ ಹಾಗೇ ಒಳಗೆ ಹೋಗುತ್ತದೆ. ಮಳೆಗಾಲದ ಥಂಡಿ ಎಂದುಕೊಂಡೆ. ಇಲ್ಲಿ ಮಳೆ ಹಿಡಿಯಿತೆಂದರೆ ಬಿಡುವುದಿಲ್ಲ, ಗೊತ್ತಲ್ಲ. ಹುಳು ಮನೆಯಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ಅವು ತಿನ್ನುವ ಸದ್ದು ಕೇಳುವುದು ನನಗೆ ರೂಢಿ. ಈ ಸಲ ಕಿವಿಗೊಟ್ಟು ಕೇಳಬೇಕಾಯಿತು.

ನಿಮ್ಮ
ಸುಹಾಸಿನಿ

---

ಮಚ್ಛೆ
18 ಸೆಪ್ಟೆಂಬರ್ 2024

(ಅಚ್ಚಾದ ಕಾರ್ಡು)

ಜಯ ಜಿನೇಂದ್ರ. ಕ್ಷಮಾವಣಿಯ ಈ ಪರ್ವದಲ್ಲಿ, ತಿಳಿದೋ ತಿಳಿಯದೆಯೋ, ಮನಸ್ಸಿನಿಂದ, ಮಾತಿನಿಂದ, ದೇಹದಿಂದ ನಮ್ಮಿಂದ ತಮಗೆ ನೋವಾಗಿದ್ದರೆ ಕ್ಷಮೆ ಇರಲಿ.
ಧನಪಾಲ ಮತ್ತು ಪರಿವಾರ, ಬೆಳಗಾವಿ

(ಕೆಳಗೆ ಪೆನ್ನಿನಲ್ಲಿ)

ನೂರು ಕಾರ್ಡು ಅಚ್ಚು ಹಾಕಿಸಿದ್ದೆ, ಒಂದು ನಿನಗೆ. ಪರಿವಾರ ಎಂದರೆ ಈಗ ನಾನೇ. ಎಲೆ ಹೇಗಿದೆ?

---

ಖಾನಾಪುರ
20 ಅಕ್ಟೋಬರ್ 2024

ಅಪ್ಪಾ,

ಎಲ್ಲಾ ಹೋಯಿತು.

ನೂರು ಪತಂಗ ಇಟ್ಟ ಮೊಟ್ಟೆಗಳ ಹುಳು ತಂದಿದ್ದೆ. ಅಂದರೆ ನಲವತ್ತು ಸಾವಿರ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರಕ್ಕೆ ಕೂತವು ಏಳಲೇ ಇಲ್ಲ. ಹಳೆಯ ಚರ್ಮ ಅರ್ಧ ಕಳಚಿ ಬಾಲದ ಹತ್ತಿರ ಸಿಕ್ಕಿಕೊಂಡು ಹಾಗೇ ಕಪ್ಪಾದವು. ಬದುಕಿದ್ದ ನಾಲ್ಕೈದು ಸಾವಿರವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟೆ. ಎರಡು ದಿನ ತಲೆ ಆಡಿಸಿದವು. ಬಾಯಿಯಿಂದ ದಾರ ಬರಲಿಲ್ಲ. ನಾನು ಮುಂದೆ ಕೂತು, "ಕಟ್ಟ್ರೋ, ನಿಮ್ಮ ಕಾಲ ಬೀಳ್ತೀನಿ" ಎಂದು ಹುಳುಗಳಿಗೆ ಹೇಳಿದೆ. ಹುಚ್ಚಿ ಎನ್ನಿ.

ಪಕ್ಕದ ಗದ್ದೆಯ ಸತ್ಯವ್ವ ಭತ್ತಕ್ಕೆ ಔಷಧಿ ಹೊಡೆಸಿದ್ದಳು. ಅದೇ ಗಾಳಿಗೆ ಬಂತು ಎಂದು ನಾನು ಬದುವಿನ ಮೇಲೆ ನಿಂತು ಬಾಯಿಗೆ ಬಂದದ್ದು ಅಂದೆ. ಅವಳು ತಿರುಗಿ ಬೈಯಲಿಲ್ಲ. "ನಿನ್ನ ಗಂಡ ಸತ್ತಾಗ ಹನ್ನೊಂದು ದಿನಾ ನಿಮ್ಮ ಮನಿಗೆ ರೊಟ್ಟಿ ತಂದಾಕಿ ನಾ. ನಿನ್ನ ಹುಳಕ್ಕ ವಿಷಾ ಹಾಕ್ಲೇನವಾ?" ಎಂದಳು. ಅಂದಿನಿಂದ ಈ ಕಡೆ ಬಂದಿಲ್ಲ. ಮಾತಾಡಲು ಇದ್ದವಳು ಅವಳೊಬ್ಬಳೇ.

ರೂಪಾಲಿ ಎಲೆ, ಮಣ್ಣು, ಸತ್ತ ಹುಳು ಎಲ್ಲಾ ತೆಗೆದುಕೊಂಡು ಹೋಗಿದ್ದಾಳೆ. "ಖರೇ ಹೇಳ್ತೀನ್ರೀ ಅಕ್ಕಾ, ಇದು ರೋಗ ಕಾಣಂಗಿಲ್ಲ" ಎಂದಳು.

ಸುಹಾಸಿನಿ

---

ಮಚ್ಛೆ
27 ಅಕ್ಟೋಬರ್ 2024

ಚಿ. ಸುಹಾಸಿನಿಗೆ,

ಹೋದದ್ದು ಹೋಯಿತು. ನಿನ್ನ ಕೈಯಿಂದ ಆಗಬೇಕಿದ್ದ ಹಿಂಸೆ ತಾನಾಗಿಯೇ ನಿಂತಿತು ಎಂದು ತಿಳಿ. ಇದು ಒಂದು ಸೂಚನೆ. ದೀಪಾವಳಿಗೆ ಬಂದುಬಿಡು. ನಿರ್ವಾಣ ಪೂಜೆಯ ಲಾಡು ಮಾಡಲು ಈ ಮನೆಯಲ್ಲಿ ಹೆಣ್ಣು ಕೈ ಇಲ್ಲ, ಅಕ್ಕಾತಾಯಿಯ ಲಾಡು ಕಲ್ಲು. ಶಹಾಪುರದ ಮನೆ ಖಾಲಿ ಮಾಡಿಸುತ್ತೇನೆ, ಚಂದ್ರವ್ವನವರನ್ನೂ ಕರೆದುಕೊಂಡು ಬಾ. ಬೀಗರು ಎಂದು ಸಂಕೋಚ ಬೇಡ. "ಬಿಟ್ಟೆ" ಎಂದು ಒಂದು ಪದ ಬರೆದು ಕಳಿಸು. ಪತ್ರ ಕೈಗೆ ಸಿಕ್ಕ ಗಳಿಗೆಯಲ್ಲೇ ಫೋನ್ ಮಾಡುತ್ತೇನೆ. ಏನು ಮಾತಾಡಬೇಕೆಂದು ಕೂಡ ಯೋಚಿಸಿ ಇಟ್ಟಿದ್ದೇನೆ.

ನಿನ್ನ ಅಪ್ಪ

---

ಖಾನಾಪುರ
14 ನವೆಂಬರ್ 2024

ಅಪ್ಪಾ,

ದೀಪಾವಳಿಗೆ ಬರಲಾಗಲಿಲ್ಲ. ಪರೀಕ್ಷೆಯ ವರದಿ ಬಂತು. ರೋಗವಲ್ಲ, ಸತ್ಯವ್ವನ ಔಷಧಿಯೂ ಅಲ್ಲ. ಎಲೆಯಲ್ಲಿ, ಮಣ್ಣಿನಲ್ಲಿ, ಹುಳುವಿನ ಹೊಟ್ಟೆಯಲ್ಲಿ ಒಂದೇ ಕಥೆ: ಕ್ಯಾಡ್ಮಿಯಂ, ಕ್ರೋಮಿಯಂ, ಮಿತಿ ಮೀರಿದ ಝಿಂಕ್. ರೂಪಾಲಿ ಬಿಡಿಸಿ ಹೇಳಿದಳು. ಬೇರು ಲೋಹ ಹೀರಿ ಎಲೆಗೆ ಕೊಡುತ್ತದೆ. ಎಲೆ ನೋಡಲು ಚೆಂದ ಇರುತ್ತದೆ. ಹುಳು ಅದನ್ನು ತಿಂದು ತಿಂದು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಕರುಳು ಕೆಡುತ್ತದೆ, ಪೊರೆ ಬಿಡಲು ಶಕ್ತಿ ಇರುವುದಿಲ್ಲ, ರೇಷ್ಮೆ ಹುಟ್ಟುವುದಿಲ್ಲ. ನಾನೇ ದಿನಕ್ಕೆ ಮೂರು ಹೊತ್ತು ಕೈಯಾರೆ ಉಣಿಸಿದೆ, ಅಪ್ಪಾ. ಉಳಿದ ಕಡ್ಡಿ ಎಮ್ಮೆಗೆ ಹಾಕುತ್ತಿದ್ದೆವು. ಈಗ ಹಾಲು ಚೆಲ್ಲುತ್ತಿದ್ದೇವೆ.

ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯುತ್ತಿಲ್ಲ. ಬಾವಿ ನೀರು ಸ್ವಚ್ಛ ಇದೆ. ಸುತ್ತ ಎರಡು ಮೈಲಿ ಒಂದು ಕಾರ್ಖಾನೆಯೂ ಇಲ್ಲ. ಗೊಬ್ಬರದ ಬಗ್ಗೆ ಅತ್ತೆಯನ್ನು ಕೇಳಿದೆ. "ನನ್ನ ತವರಮನಿ ಗೊಬ್ಬರಕ್ಕ ಬಟ್ಟು ಮಾಡಿ ತೋರಸ್ತಿ?" ಎಂದು ಎರಡು ದಿನ ಊಟ ಬಿಟ್ಟರು. ಮತ್ತೆ ಕೇಳಲಿಲ್ಲ.

ನೀವು ಲೋಹದ ಜೊತೆ ಆಯುಷ್ಯ ಕಳೆದವರು. ನೀವೇ ಹೇಳಿ, ಹೊಲಕ್ಕೆ ಕ್ಯಾಡ್ಮಿಯಂ ಹೇಗೆ ಬರುತ್ತದೆ? ಎಲ್ಲಿಂದ ಎಂದು ಗೊತ್ತಾಗದಿದ್ದರೆ ಹೊಸ ತೋಟ ಹಾಕಿಯೂ ಪ್ರಯೋಜನವಿಲ್ಲ, ಅಲ್ಲಿಗೂ ಬರಬಹುದು ಎನ್ನುತ್ತಾಳೆ ರೂಪಾಲಿ. ಸಂಕ್ರಾಂತಿಯವರೆಗೆ ನೋಡುತ್ತೇನೆ. ಆಮೇಲೆ ಚಂದ್ರಿಕೆ, ತಟ್ಟೆ ಎಲ್ಲಾ ಕೊಟ್ಟು ಹುಳು ಮನೆಗೆ ಕೀಲಿ ಹಾಕುತ್ತೇನೆ. ನಿಮ್ಮ ನೇಮ ಮುಗಿಯುತ್ತದೆ.

ಸುಹಾಸಿನಿ

---

ಮಚ್ಛೆ
26 ಡಿಸೆಂಬರ್ 2024

ಸುಹಾಸಿನಿ,

ನಿನ್ನ ಪತ್ರ ಬಂದು ನಲವತ್ತು ದಿನವಾಯಿತು. ಈ ಪತ್ರ ಐದು ಸಲ ಬರೆದು ಹರಿದಿದ್ದೇನೆ.

ಆ ಎಂಟು ಚೀಲ ಚಂದ್ರವ್ವನವರ ತವರಿನವಲ್ಲ. ನನ್ನವು.

ಪ್ಲೇಟಿಂಗ್ ತೊಟ್ಟಿಯ ತಳದಲ್ಲಿ ಗಷ್ಟು ಕೂಡುತ್ತದೆ. ಅದನ್ನು ಒಣಗಿಸಿ ಚೀಲ ತುಂಬಿ, ಅದಕ್ಕೆಂದೇ ಇರುವ ಗಾಡಿಗೆ ಕೊಡಬೇಕು ಎಂಬುದು ಕಾಯಿದೆ. ಝಿಂಕ್ ಇಲ್ಲದೆ ನಿನ್ನ ಗಿಡ ಹಳದಿಯಾಗಿದೆ ಎಂದು ನೀನು ಬರೆದೆ. ನನ್ನ ಅಂಗಳದಲ್ಲಿ ಚೀಲಗಟ್ಟಲೆ ಝಿಂಕ್ ಬಿದ್ದಿತ್ತು. ಹುಳುವಿಗೆ ಅನ್ನ ಹಾಕಿದರೆ ನೇಮಭಂಗ, ಗಿಡಕ್ಕೆ ಹಾಕಿದರೆ ಅಲ್ಲ ಎಂದು ನಾನೂ ವಕೀಲಿ ಮಾಡಿಕೊಂಡೆ. ಚಂದ್ರವ್ವನವರಿಗೆ ಫೋನ್ ಮಾಡಿ, "ಝಿಂಕ್ ಗೊಬ್ಬರ ಕಳಸ್ತೀನ್ರೀ ಬೀಗರ, ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ" ಎಂದೆ. ಅವರು ಅತ್ತರು. "ಮಗಳ ಮ್ಯಾಲ ಇಷ್ಟ ಜೀವ ಇಟ್ಟೀರಿ, ಬಾಯಿಬಿಟ್ಟು ಹೇಳಬಾರದೇನ್ರೀ?" ಎಂದರು. ಅವರನ್ನು ಬೈಯಬೇಡ. ಅವರಿಗೆ ಏನೂ ಗೊತ್ತಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು, ಅಷ್ಟೇ.

ಆ ಗಷ್ಟಿನಲ್ಲಿ ಝಿಂಕ್ ಒಂದೇ ಇರಲಿಲ್ಲ. ಬೋಲ್ಟಿಗೆ ಹಳದಿ ಹೊಳಪು ಬರಲು ಕ್ರೋಮಿಯಂ ಬಳಸುತ್ತೇವೆ. ಹಳೆಯ ಕ್ಯಾಡ್ಮಿಯಂ ತೊಟ್ಟಿ ತೊಳೆದ ನೀರೂ ಅದೇ ಹೊಂಡಕ್ಕೆ ಬೀಳುತ್ತಿತ್ತು. ನಲವತ್ತು ವರ್ಷ ಮಾಡಿದ ಕೆಲಸ, ಕಣ್ಣು ಮುಚ್ಚಿ ಹೇಳಬಲ್ಲೆ. ಆದರೂ ಚೀಲ ತುಂಬಿಸುವಾಗ ಝಿಂಕ್ ಎಂಬ ಒಂದೇ ಹೆಸರು ನೆನಪಿತ್ತು. ನಿನಗೆ ಏನಾದರೂ ಕೊಡಬೇಕಿತ್ತು, ನನ್ನ ಹತ್ತಿರ ಇದ್ದದ್ದು ಅದೇ.

ಇನ್ನೊಂದು ಇದೆ. ಅದನ್ನು ಬರೆಯಲಾಗದೆ ಐದು ಪತ್ರ ಹರಿದೆ. ಹುಳು ಸತ್ತವು ಎಂಬ ನಿನ್ನ ಪತ್ರ ಓದಿದಾಗ ನನಗೆ ಮೊದಲು ಆದದ್ದು ಖುಷಿ. ಇನ್ನು ಮಗಳು ಬರುತ್ತಾಳೆ, ಮಾತಾಡುತ್ತೇನೆ ಎಂದು. ವರದಿಯ ಪತ್ರ ಬಂದಾಗ ಕ್ಯಾಡ್ಮಿಯಂ ಎಂಬ ಪದ ಓದಿದ ಕೂಡಲೇ ಎಲ್ಲಾ ತಿಳಿಯಿತು. ಆಗಲೂ ಬಾಯಿ ಮುಚ್ಚಿಕೊಂಡೆ. ಸಂಕ್ರಾಂತಿಯವರೆಗೆ ಸುಮ್ಮನಿದ್ದರೆ ಸಾಕು, ಅವಳೇ ಬಿಡುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ದಿನ ಎಣಿಸಿದೆ. ಜಾಳಿಗೆ ಹೊಚ್ಚುವ ಕೈ ಇದು. ನಲವತ್ತು ಸಾವಿರ ಜೀವ ಕೊಂದಿತು, ಮೇಲೆ ಅದರ ಲಾಭ ತೆಗೆದುಕೊಳ್ಳಲು ಕೂತಿತು.

ಹುಳು ಮನೆಗೆ ಕೀಲಿ ಹಾಕಬೇಡ. ವಿಷ ಬಾವಿಯಿಂದ ಬಂದಿಲ್ಲ, ಗಾಳಿಯಿಂದ ಬಂದಿಲ್ಲ, ಮತ್ತೆ ಬರುವುದೂ ಇಲ್ಲ. ಬೇರೆ ಹೊಲದಲ್ಲಿ ತೋಟ ಹಾಕಿದರೆ ನಿನ್ನ ಹುಳು ಬದುಕುತ್ತವೆ. ಸತ್ಯವ್ವನ ಹತ್ತಿರ ಹೋಗು.

ಈಗ ಕ್ಷಮಾವಣಿಯ ದಿನವಲ್ಲ. ಅಚ್ಚು ಹಾಕಿಸಿದ ಕಾರ್ಡೂ ಇಲ್ಲ. ತಪ್ಪಾಯಿತು ಮಗಳೇ.

ಧನಪಾಲ

---

ಮಚ್ಛೆ
22 ಜನವರಿ 2025

ಸುಹಾಸಿನಿ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ.

ಮಾಲಿನ್ಯ ನಿಯಂತ್ರಣದ ಆಫೀಸಿಗೆ ನಾನೇ ಹೋಗಿ ಎಂಟು ಚೀಲದ ವಿಷಯ ಬರೆದುಕೊಟ್ಟೆ. ಅಲ್ಲಿನ ಗುಮಾಸ್ತ ಎರಡೆರಡು ಸಲ ಓದಿದ. "ಕಾಕಾ, ಯಾರೂ ತಕರಾರ ಮಾಡಿಲ್ಲಲ್ರೀ, ಯಾಕ್ ಮೈಮ್ಯಾಲ ಹಾಕೋತೀರಿ?" ಎಂದ. ನಿನ್ನೆ ನೋಟೀಸು ಬಂತು. ಶಾಪು ಬಂದ್ ಮಾಡಿದ್ದೇನೆ. ಉಳಿದ ಚೀಲಗಳನ್ನು ಕಾಯಿದೆಯ ಗಾಡಿ ಒಯ್ದಿತು. ತೊಟ್ಟಿಗಳು ಖಾಲಿ. ಕೆಳಗೆ ಸದ್ದಿಲ್ಲದ ಶಾಪಿನ ಮೇಲೆ ಕೂತಿರುವುದು ಹೇಗಿರುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಎಮ್ಮೆ ಹೇಗಿದೆ? ನಿನ್ನ ಅತ್ತೆ ಉಣ್ಣುತ್ತಿದ್ದಾರೆಯೇ?

ಧನಪಾಲ

---

ಖಾನಾಪುರ
16 ಫೆಬ್ರವರಿ 2025

ಅಪ್ಪಾ,

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಒಂದೂವರೆ ತಿಂಗಳು ನಿಮ್ಮ ಪತ್ರವನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಅಕ್ಕಿ ತೆಗೆಯುವಾಗಲೆಲ್ಲ ಕೈಗೆ ತಾಗುತ್ತಿತ್ತು.

ಅತ್ತೆಗೆ ಓದಿ ಹೇಳಿದೆ. ಕೇಳಿ ಮುಗಿಸಿ, "ಅವರು ಒಳ್ಳೇದಾಗಲಿ ಅಂತ ಕಳಸಿದ್ರು, ನಾ ಒಳ್ಳೇದಾಗಲಿ ಅಂತ ಹಾಕಿದೆ. ಇಬ್ಬರೂ ಮುದುಕರು ಕೂಡಿ ನಿನ್ನ ಬಾಳೇವು ಹಾಳ ಮಾಡಿದಿವಲ್ಲವಾ" ಎಂದು ಹಣೆ ಬಡಿದುಕೊಂಡರು. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕಿತ್ತು. ಆಗಲಿಲ್ಲ.

ಹೋದ ವಾರ ಗಿಡ ಕಿತ್ತೆವು. ಐವತ್ತೆರಡು ಸಾಲು. ಬುಡದ ಮಣ್ಣನ್ನು ಒಂದು ಗೇಣು ತೆಗೆದು ಚೀಲಕ್ಕೆ ತುಂಬಿದೆವು. ಆ ನೆಲದಲ್ಲಿ ವರ್ಷಗಟ್ಟಲೆ ಕಾಯಿಪಲ್ಲೆ ಬೇಡ, ಮೇವೂ ಬೇಡ ಎಂದಿದ್ದಾರೆ. ಗೌರೀಶ ಮೊದಲು ನೆಟ್ಟ ಸಾಲಿನ ಬೇರು ಬಹಳ ಆಳಕ್ಕೆ ಹೋಗಿತ್ತು. ಅದನ್ನು ಕೀಳುವಾಗ ನಾನು ನಿಮ್ಮ ಹೆಸರು ಹಿಡಿದು ಬೈದೆ. ಜೋರಾಗಿಯೇ ಬೈದೆ. ಬದುವಿನ ಆಚೆ ಸತ್ಯವ್ವ ನಿಂತು ಕೇಳಿದಳು. ಆಮೇಲೆ ಗುದ್ದಲಿ ತೆಗೆದುಕೊಂಡು ಈಚೆ ದಾಟಿ ಬಂದು ಬೇರಿನ ಇನ್ನೊಂದು ಬದಿ ಅಗೆಯತೊಡಗಿದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, "ಮೊದಲ ಬೇರ ಕೀಳು, ಆಮ್ಯಾಲ ಅಳು" ಎಂದಳು. ಮೇಲಿನ ಕಡೆ ಅವಳ ಅರ್ಧ ಎಕರೆ ಬೀಳು ಬಿದ್ದಿದೆ. ವರ್ಷದ ಗೇಣಿ ಮೇಲೆ ಲಾವಣಿಗೆ ಕೊಡುತ್ತಾಳೆ. ಮಣ್ಣು ಪರೀಕ್ಷೆ ಆಯಿತು, ಒಳ್ಳೆಯದಿದೆ. ಮುಂಗಾರಿಗೆ ಸಸಿ ನೆಟ್ಟರೆ ಮೊದಲ ಬೆಳೆ ದೀಪಾವಳಿ ದಾಟಿ ಬರುತ್ತದೆ.

ಈಗ ಗಿಡವಿಲ್ಲ, ಹುಳುವಿಲ್ಲ ಎಂದು ಅತ್ತೆ ನಿಮಗೆ ಫೋನಿನಲ್ಲಿ ಹೇಳಿಬಿಟ್ಟರಂತೆ. ನಿನ್ನೆ ನಿಮ್ಮ ಫೋನ್ ಬಂತು. ಹನ್ನೊಂದು ಸಲ. ಎಂಟು ತಿಂಗಳ ಮೇಲೆ ಪರದೆಯಲ್ಲಿ ನಿಮ್ಮ ಹೆಸರು ನೋಡಿದೆ. ಮಡಿಲಲ್ಲಿ ಇಟ್ಟುಕೊಂಡು ಹನ್ನೊಂದು ಸಲವೂ ನೋಡಿದೆ. ಎತ್ತಲಿಲ್ಲ.

ನಾನೂ ಒಂದು ನೇಮ ತೆಗೆದುಕೊಂಡಿದ್ದೇನೆ, ಯಾವ ಮಹಾರಾಜರ ಮುಂದೆಯೂ ಅಲ್ಲ. ಹೊಸ ತೋಟದ ಎಲೆ ತಿಂದು ಹುಳುಗಳು ಗೂಡು ಕಟ್ಟುವವರೆಗೆ ನಿಮ್ಮ ಜೊತೆ ಮಾತಾಡುವುದಿಲ್ಲ. ಗೂಡು ಕಟ್ಟಿದ ದಿನ ನಾನೇ ಫೋನ್ ಮಾಡುತ್ತೇನೆ. ಹುಳು ಸಾಕುವವರೆಗೆ ಮಾತಿಲ್ಲ ಎಂಬ ನಿಮ್ಮ ನೇಮ ಅಂದು ಏನು ಹೇಳುತ್ತದೋ ನೀವು ನೋಡಿಕೊಳ್ಳಿ. ಬೇಕಿದ್ದರೆ ಎತ್ತಿ, ಬೇಡವಾದರೆ ಬಿಡಿ.

ಅಲ್ಲಿಯವರೆಗೆ ಬರೆಯಿರಿ. ಬರೆಯುವುದನ್ನು ನಿಲ್ಲಿಸಬೇಡಿ ಅಪ್ಪಾ.

ಸುಹಾಸಿನಿ

---

ಮಚ್ಛೆ
24 ಫೆಬ್ರವರಿ 2025

ಚಿ. ಸುಹಾಸಿನಿಗೆ,

ನಿನ್ನ ಪತ್ರ ಸಿಕ್ಕಿತು. ಇವತ್ತು ಬೆಳಿಗ್ಗೆ ಮಹಾರಾಜರು ಇದ್ದಲ್ಲಿಗೆ ಹೋಗಿ, ನೇಮ ಮುರಿಯುತ್ತೇನೆ, ಪ್ರಾಯಶ್ಚಿತ್ತ ಹೇಳಿ ಎಂದೆ. ಹುಳು ಸಾಕಿದರೂ ಮಗಳ ಫೋನ್ ಎತ್ತುತ್ತೇನೆ ಎಂದೆ. ಅವರು ಉಪವಾಸ ಹೇಳಿದರು. ಮಾಡುತ್ತೇನೆ.

ಅಲ್ಲಿಂದ ಬಸದಿಗೆ ಹೋದೆ. ನಿನ್ನ ಹುಳುಗಳು ಬದುಕಲಿ ಎಂದು ಬೇಡುವುದು ನನಗೆ ಕಷ್ಟವಲ್ಲ, ಎಲ್ಲ ಜೀವಕ್ಕೂ ಅದನ್ನೇ ಬೇಡುತ್ತೇವೆ. ಆದರೆ ನೀನು ಹೇಳಿದ್ದು ಗೂಡು ಕಟ್ಟಬೇಕು ಎಂದು. ಗೂಡು ಕಟ್ಟಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಎಪ್ಪತ್ತೊಂದು ವರ್ಷ ಆ ಕಟ್ಟೆಯ ಮೇಲೆ ಕೈ ಮುಗಿದವನು, ಇವತ್ತು ಏನು ಬೇಡಬೇಕೆಂದು ತಿಳಿಯದೆ ನಿಂತುಬಿಟ್ಟೆ. ಪೂಜಾರಿ ಬಾಗಿಲು ಹಾಕುವ ಹೊತ್ತಾಯಿತು ಎಂದು ಎರಡು ಸಲ ಕೆಮ್ಮಿದ.

ಕಟ್ಟಲಿ ಎಂದು ಬೇಡಿದೆ, ಮಗಳೇ. ಎಲ್ಲವೂ ಕಟ್ಟಲಿ, ಒಂದೂ ತಪ್ಪದೆ ಕಟ್ಟಲಿ ಎಂದು ಬೇಡಿದೆ.

ನಿನ್ನ ಅಪ್ಪ,
ಧನಪಾಲ